ಇಲ್ಲದ ಗಾಜಿನ ಭಾರ

ಸೋಮವಾರ, ಅಂಗಡಿಯಲ್ಲಿ ಕುಳಿತು

ಪ್ರೀತಿಯ ಗುಬ್ಬಿಗೆ,

ನಿನ್ನ ಬಡಾಯಿ ಮಾವನ ಆಶೀರ್ವಾದಗಳು. ಹೌದು, ನೀವೆಲ್ಲ ಬೆನ್ನ ಹಿಂದೆ ನನ್ನನ್ನು ಹಾಗೆ ಕರೆಯುತ್ತೀರಿ ಅಂತ ನನಗೆ ಗೊತ್ತು. ಎದುರಿಗೇ ಕರೆಯಿರಿ, ನನಗೇನೂ ಬೇಸರವಿಲ್ಲ. ಬಡಾಯಿ ಕೊಚ್ಚಿಕೊಳ್ಳುವುದಕ್ಕೂ ಮನುಷ್ಯನ ಹತ್ತಿರ ಸ್ವಲ್ಪ ಸರಕು ಇರಬೇಕು.

ನಾವಿಲ್ಲಿ ಚೆನ್ನಾಗಿದ್ದೇವೆ. ನೀವೂ ಅಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ ಅಂತ ಬರೆಯೋಣವೆಂದರೆ, ಹಾಗಿಲ್ಲ ಅಂತ ಗೊತ್ತಾಗಿದೆ. ಆದ್ದರಿಂದಲೇ ಈ ಪತ್ರ. ತಡವಾಯಿತು, ಕ್ಷಮಿಸು. ಕಾರಣ ಹೇಳಿದರೆ ನಗಬಾರದು. ಇಷ್ಟು ವರ್ಷ ಗಾಜು ಕೊಯ್ದು ಒಂದು ಹನಿ ರಕ್ತ ಕಾಣದವನು, ಹೋದ ವಾರ ಬಣ್ಣದ ಡಬ್ಬದ ಮುಚ್ಚಳ ತೆಗೆಯಲು ಹೋಗಿ ಹೆಬ್ಬೆರಳು ಕೊಯ್ದುಕೊಂಡೆ. "ಒಂದೇ ಒಂದು ಹನಿಯೂ ಇಲ್ವಾ?" ಅಂತ ನಿನ್ನ ಅತ್ತೆ ಒಳಗಿನಿಂದ ಕೇಳುತ್ತಿದ್ದಾಳೆ. ಗಟ್ಟಿಯಾಗಿ ಓದಿಕೊಳ್ಳದೆ ಬರೆಯುವುದು ನನಗೆ ಬರುವುದಿಲ್ಲ, ಹಳ್ಳಿ ಶಾಲೆಯ ಅಭ್ಯಾಸ. ಅದಕ್ಕೇ ಅವಳಿಗೆ ಎಲ್ಲ ಕೇಳಿಸುತ್ತದೆ. ನೀನು ಅವಳ ಮಾತು ಕಿವಿಗೆ ಹಾಕಿಕೊಳ್ಳಬೇಡ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು "ಹೂಂ ಮಾವ, ಆಯ್ತು ಮಾವ" ಅಂದು ಮಾತು ಮುಗಿಸಿಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ. ಅಲ್ಲದೆ ಏಳನೇ ಕ್ಲಾಸಿನವರೆಗೆ ಪತ್ರಲೇಖನದಲ್ಲಿ ನನ್ನನ್ನು ಮೀರಿಸಿದವರು ನಮ್ಮ ಶಾಲೆಯಲ್ಲಿ ಇರಲಿಲ್ಲ. ಎಂಟನೇ ಕ್ಲಾಸು ನಮ್ಮ ಹಳ್ಳಿಯಲ್ಲೇ ಇರಲಿಲ್ಲ. ಇದ್ದಿದ್ದರೆ ಅಲ್ಲೂ ಬಿಡುತ್ತಿರಲಿಲ್ಲ. ರಜೆಯ ಅರ್ಜಿ ಬೇಕಾದವರೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು. ಒಬ್ಬನ ಅಜ್ಜಿಯನ್ನು ಒಂದೇ ವರ್ಷದಲ್ಲಿ ಮತ್ತೆ ಮತ್ತೆ ಸಾಯಿಸಿದ್ದೆ. ಕೊನೆಯ ಸಲದ ಅರ್ಜಿ ಓದಿ, ಅಜ್ಜಿ ಬದುಕಿರುವುದು ಗೊತ್ತಿದ್ದ ಮೇಷ್ಟ್ರೂ ಕಣ್ಣು ಒರೆಸಿಕೊಂಡರು.

ಇರಲಿ. ವಿಷಯಕ್ಕೆ ಬರುತ್ತೇನೆ. ನಿನ್ನ ಯಜಮಾನರು ಅಂಗಡಿಗೆ ಬಂದಿದ್ದರು.

"ಮಗು ಫೋಟೋಗೆ ಕಟ್ಟು ಹಾಕಿಸ್ಬೇಕಿತ್ತು ಮಾವ" ಅಂತ ಬಂದರು. ನಾನು ಫೋಟೋ ಕೈಗೆ ತೆಗೆದುಕೊಂಡು, ಸುತ್ತ ಎಷ್ಟು ಬಿಡಬೇಕು, ಯಾವ ಪಟ್ಟಿ ಹಾಕಬೇಕು ಅಂತ ಲೆಕ್ಕ ಹಾಕುತ್ತಾ, ಮಗುವಿನ ಮೂಗು ಥೇಟ್ ನನ್ನ ಮೂಗು ಅಂತ ಹೊಗಳಿಕೊಳ್ಳುತ್ತಾ ಇದ್ದೆ. ನಿನ್ನ ಅತ್ತೆ ಕೈ ಒರೆಸಿಕೊಂಡು ಬಂದು ಒಂದು ಸಲ ಬಗ್ಗಿ ನೋಡಿದಳು. ಅವಳಿಗೆ ಮೂಗು ಕಾಣಲಿಲ್ಲ.

"ಇವಳ ಕೈ ಎಲ್ಲಿ?" ಅಂದಳು.

ಆಗ ನಾನೂ ನೋಡಿದೆ. ಮಗು ಬೀಗಿತ್ತಿಯವರ ತೊಡೆಯ ಮೇಲಿದೆ. ನೀನು ಕುರ್ಚಿಯಿಂದ ಆಚೆ, ಗೋಡೆಗೆ ಅಂಟಿಕೊಂಡ ಹಾಗೆ ನಿಂತಿದ್ದೀಯ. ಎರಡೂ ಕೈ ಬೆನ್ನ ಹಿಂದೆ. ಜೀವಮಾನವೆಲ್ಲ ಫೋಟೋಗೆ ಕಟ್ಟು ಹಾಕಿದವನಿಗೆ ಅದು ಕಾಣಲಿಲ್ಲ, ಅವಳಿಗೆ ಕಂಡಿತು.

ನಿನ್ನ ಯಜಮಾನರು ಸ್ಟೂಲಿನ ಮೇಲೆ ಕುಸಿದು ಕುಳಿತು ಎಲ್ಲ ಹೇಳಿದರು. ಮನೆಯ ಮಾತು ಹೊರಗೆ ಹಾಕಿದರು ಅಂತ ಅವರ ಮೇಲೆ ಸಿಟ್ಟಾಗಬೇಡ. ಆ ಮನುಷ್ಯ ಸೋತುಹೋಗಿದ್ದಾರೆ. ನೀನು ಹಾಸಿಗೆಯಲ್ಲಿ ಮಲಗಿ, ಸುತ್ತಲೂ ದಿಂಬು ಇಟ್ಟುಕೊಂಡೇ ಹಾಲು ಕೊಡುತ್ತೀಯಂತೆ. ಮಗುವನ್ನು ಪಕ್ಕಕ್ಕೆ ತಂದು ಮಲಗಿಸುವುದೂ ಎತ್ತಿಕೊಂಡು ಹೋಗುವುದೂ ಬೇರೆಯವರು. ನಾಲ್ಕನೇ ಮಹಡಿಯ ಕಿಟಕಿಗಳಿಗೆಲ್ಲ ತಂತಿ ಬಿಗಿಸಿದ್ದೀಯಂತೆ. ಆದರೂ ಕಿಟಕಿಯ ಮುಂದೆ ಹಾದರೆ, ಮಗು ನಿನ್ನ ಕೈಯಿಂದಲೇ ಜಾರಿ ಕೆಳಗೆ ಹೋದದ್ದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದಂತೆ. ಸ್ನಾನದ ನೀರು ಕಂಡರೂ ಹಾಗೇ ಏನೋ ಕಾಣುತ್ತದಂತೆ. ಬರುವ ಶನಿವಾರ ಮಗುವನ್ನು ಅಲ್ಲೇ ಬಿಟ್ಟು ನಿಮ್ಮಮ್ಮನ ಮನೆಗೆ ಹೊರಟಿದ್ದೀಯಂತೆ. "ನಾನಿಲ್ದಿದ್ರೆ ಮಗು ಉಳ್ಕೊಳತ್ತೆ" ಅಂದೆಯಂತೆ.

"ಇವಳಿಗೆ ಮಗು ಅಂದ್ರೆ ಇಷ್ಟ ಇಲ್ವೇನೋ ಅಂತ ಅಮ್ಮ ಅಂತಾರೆ ಅತ್ತೆ" ಅಂದರು. "ಆದ್ರೆ ಮಗು ಒಂಚೂರು ಕೆಮ್ಮಿದ್ರೂ ಮೊದ್ಲು ಎದ್ದು ಕೂರೋಳು ಇವಳೇ."

"ಎದ್ದು ಏನ್ಮಾಡ್ತಾಳೆ?" ನಿನ್ನ ಅತ್ತೆ ಕೇಳಿದಳು.

"ನನ್ನನ್ನ ಎಬ್ಬಿಸ್ತಾಳೆ."

"ಇಷ್ಟ ಇಲ್ದೋರಿಗೆ ಬಿದ್ದಿದ್ದು ಕಾಣಲ್ಲಪ್ಪಾ" ಅಂದಳು ನಿನ್ನ ಅತ್ತೆ. ಅಂದು ಒಳಗೆ ಹೋಗಿಬಿಟ್ಟಳು.

ಆ ಫೋಟೋಗೆ ನಾನು ಕಟ್ಟು ಹಾಕಲಿಲ್ಲ. ಗಿರಾಕಿಯನ್ನು ವಾಪಸ್ ಕಳಿಸಿದ್ದು ಇದೇ ಮೊದಲು. "ಇದು ಸರಿಯಾದ ಫೋಟೋ ಅಲ್ಲ, ಬೇರೆ ತೆಗೆಸಿ ತನ್ನಿ" ಅಂದೆ.

ಈಗ ನನ್ನ ಮಾತು ಕೇಳು. ನಿನಗೆ ತಲೆ ಕೆಟ್ಟಿಲ್ಲ. ನಿನ್ನ ತಲೆ ಬೇಕಾದ್ದಕ್ಕಿಂತ ಜಾಸ್ತಿ ಚೆನ್ನಾಗಿದೆ, ತೊಂದರೆ ಇರುವುದೇ ಅಲ್ಲಿ. ನೀನು ಮೊಳಕಾಲುದ್ದ ಇದ್ದಾಗ ನಮ್ಮ ಮನೆಗೆ ಬಂದವಳು, ಗೋಡೆಯ ಮೇಲಿದ್ದ ನಿನ್ನ ತಾತನ ಫೋಟೋ ನೋಡಿ, ನಿನ್ನ ದಿಂಬು ತಂದು ಅದರ ಕೆಳಗೆ ನೆಲದ ಮೇಲೆ ಇಟ್ಟೆ. ಯಾಕೆ ಗುಬ್ಬಿ ಅಂದರೆ "ತಾತ ಬಿದ್ರೆ?" ಅಂದೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿನ್ನ ಅತ್ತೆ ಮಾತ್ರ ನಗಲಿಲ್ಲ. ಒಳಗೆ ಹೋಗಿ ತನ್ನ ದಿಂಬನ್ನೂ ತಂದು ಪಕ್ಕದಲ್ಲಿ ಇಟ್ಟಳು. "ತಾತ ದಪ್ಪ ಇದಾರೆ, ಒಂದು ಸಾಲಲ್ಲ" ಅಂದಳು. ಆವತ್ತೇ ನನಗೆ ಅನ್ನಿಸಿತು, ಈ ಹುಡುಗಿಯದೂ ಇವಳದೂ ಒಂದೇ ಜಾತಿಯ ಕಣ್ಣು ಅಂತ. ಇದು ನಮ್ಮ ಕಡೆಯಿಂದ ಬಂದದ್ದಲ್ಲ. ನಮ್ಮ ಕಡೆಯವರಿಗೆ ಕಲ್ಪನೆ ಅನ್ನುವುದು ಸೊನ್ನೆ. ನನ್ನ ಅಕ್ಕ, ಅಂದರೆ ನಿಮ್ಮಮ್ಮ, ಹಾಲು ಉಕ್ಕುವುದನ್ನು ಉಕ್ಕಿದ ಮೇಲೆಯೇ ನೋಡುವವಳು. ನಾನು ಅದನ್ನೂ ನೋಡುವವನಲ್ಲ.

ಯಾರೋ ಒಡೆದ ಕಿಟಕಿ ತಂದಿದ್ದಾರೆ. ಆಮೇಲೆ ಬರೆಯುತ್ತೇನೆ.

ಮಂಗಳವಾರ ಬೆಳಿಗ್ಗೆ

ನಿನ್ನೆ ಎದ್ದವನಿಗೆ ಮತ್ತೆ ಕೂರಲು ಆಗಲಿಲ್ಲ. ಈಗ ನಿನ್ನ ಅತ್ತೆಯ ಕಥೆ ಬರೆಯುತ್ತೇನೆ. ಅವಳ ಅನುಮತಿ ಪಡೆದಿದ್ದೇನೆ. "ಸುಳ್ಳು ಸೇರಿಸ್ಬೇಡಿ" ಅಂತ ಷರತ್ತು ಹಾಕಿದ್ದಾಳೆ. ಸುಳ್ಳಿಲ್ಲದೆ ನಾನು ಹೇಳುತ್ತಿರುವ ಮೊದಲ ಕಥೆ ಇದು, ಜೋಪಾನವಾಗಿ ಇಟ್ಟುಕೋ.

ಗಾಜಿನ ದೊಡ್ಡ ಹಾಳೆಯನ್ನು ಎಂದೂ ಮಲಗಿಸಿ ಹೊರಬಾರದು. ಮಲಗಿಸಿದರೆ ತನ್ನ ಭಾರಕ್ಕೆ ತಾನೇ ಬಿರಿಯುತ್ತದೆ. ನಿಲ್ಲಿಸಿಯೇ ಒಯ್ಯಬೇಕು, ಇಬ್ಬರು ಬೇಕು, ಒಂದು ಕೈ ಕೆಳಗಿನ ಅಂಚಿಗೆ, ಒಂದು ಕೈ ಭುಜದ ಎತ್ತರಕ್ಕೆ. ಇಷ್ಟು ಯಾವ ಗಾಜಿನಂಗಡಿಯವನಿಗೂ ಗೊತ್ತು. ನಿನ್ನ ಅತ್ತೆ ಇದಕ್ಕೆ ತನ್ನದೊಂದು ಸೇರಿಸಿದಳು. ದೊಡ್ಡ ಹಾಳೆ ಒಯ್ಯಬೇಕಾದ ಮನೆಗೆ ಅವಳು ಮೊದಲು ಒಬ್ಬಳೇ ಬರಿಗೈಯಲ್ಲಿ ಹೋಗುತ್ತಾಳೆ. ಬರಿಗೈ ಅಂದೆನಲ್ಲ, ಕೈ ಬರಿದಾಗಿರುತ್ತದೆ ಅಷ್ಟೆ, ಹಿಡಿತ ಗಾಜಿನದ್ದೇ. ಗೇಟಿನಿಂದ ಗೋಡೆಯವರೆಗೆ, ಇಲ್ಲದ ಗಾಜನ್ನು ಹಿಡಿದುಕೊಂಡು, ಬಾಗಿಲಲ್ಲಿ ಓರೆಯಾಗಿ, ಮೆಟ್ಟಿಲಲ್ಲಿ ನಿಧಾನವಾಗಿ ನಡೆಯುತ್ತಾಳೆ. ನಡೆಯುತ್ತಾ ಬಾಯಲ್ಲಿ ಹೇಳುತ್ತಿರುತ್ತಾಳೆ: "ಇಲ್ಲೊಂದು ಮೊಳೆ ಇದೆ. ಈ ಬಾಗಿಲು ಗಾಳಿಗೆ ಬಡಿಯತ್ತೆ, ಹಗ್ಗ ಬೇಕು. ಇಲ್ಲಿ ಚಪ್ಪಲಿ ಬಿಟ್ಟಿರ್ತಾರೆ, ತೆಗೆಸ್ಬೇಕು." ಅಂದರೆ ಗಾಜು ಎಲ್ಲೆಲ್ಲಿ ಒಡೆಯಬಹುದೋ ಅಲ್ಲೆಲ್ಲ ಅವಳ ಕಣ್ಣೆದುರು ಅದು ಒಂದೊಂದು ಸಲ ಒಡೆದು ಬೀಳುತ್ತದೆ. ಆಮೇಲೆ ನಿಜವಾದ ಗಾಜು ಒಯ್ಯುವಾಗ ಒಡೆಯಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಬೇರೆ ಗಾಜಿನಂಗಡಿಗಳ ಹಿಂದೆ ಹೋಗಿ ನೋಡು, ಚೂರುಗಳ ಗುಡ್ಡೆ. ನಮ್ಮ ಹಿಂದೆ ಕತ್ತರಿಸಿ ಉಳಿದ ಪಟ್ಟಿಗಳು ಮಾತ್ರ. ಇದಕ್ಕಾಗಿ ಊರವರು ನನ್ನನ್ನು ಹೊಗಳುತ್ತಾರೆ. ನಾನೂ ಬೇಡ ಅನ್ನುವುದಿಲ್ಲ.

ನಾನು ಅದಕ್ಕೆ 'ಗಾಳಿಗಾಜು' ಅಂತ ಹೆಸರಿಟ್ಟಿದ್ದೆ. ಅವಳು ಹಾಗೆ ನಡೆಯುವಾಗ ನಾನು ಮುಂದೆ ಮುಂದೆ ಹೋಗಿ "ಗಾಜು! ಗಾಜು! ಪಕ್ಕಕ್ಕೆ ಬನ್ನಿ!" ಅಂತ ಕೂಗುತ್ತಿದ್ದೆ. ಜನ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದರು. ಒಬ್ಬ ದೊಡ್ಡ ಮನುಷ್ಯರು ಬಿಚ್ಚಿದ್ದ ಕೊಡೆ ಮಡಚಿ, ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು. ಎದುರಿಗೆ ಹಾದುಹೋದದ್ದು ಬರೀ ನಿನ್ನ ಅತ್ತೆ. "ನಿಮಗೆ ಎಲ್ಲಾ ಆಟ" ಅಂತ ಬೈಯುತ್ತಿದ್ದಳು. ಆಟವೇ ಅಲ್ಲವೇ? ಕೆಲಸ ನನ್ನದು, ಭಯ ಅವಳದು, ಹಾಗೆ ಹಂಚಿಕೊಂಡು ಸಂಸಾರ ಮಾಡುತ್ತಿದ್ದೆವು.

ಆಗ ನೀನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ. ಒಬ್ಬ ಕುಣಿತದ ಮೇಷ್ಟ್ರು ನಮ್ಮ ಹತ್ತಿರ ಕನ್ನಡಿ ಮಾಡಿಸಿದರು. ಆಳೆತ್ತರ, ಅದಕ್ಕಿಂತ ಹೆಚ್ಚು ಅಗಲ. ಅವರು ಮಕ್ಕಳಿಗೆ ಕುಣಿತ ಕಲಿಸುವ ಕೋಣೆ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ಇಕ್ಕಟ್ಟಾದ ಮೆಟ್ಟಿಲು, ಎರಡು ಕಡೆ ತಿರುವು. ಕನ್ನಡಿಯನ್ನು ಗಾಡಿಗೆ ನಿಲ್ಲಿಸಿ ಕಟ್ಟಿಕೊಂಡು ಹೋದೆವು. ನಾನು ಗಾಡಿಯ ಹತ್ತಿರ ಚಹಾ ಕುಡಿಯುತ್ತಾ ನಿಂತೆ. ಅವಳು ಗಾಳಿಗಾಜು ಹಿಡಿದು ಮೆಟ್ಟಿಲು ಹತ್ತಿದಳು.

ಎಷ್ಟು ಹೊತ್ತಾದರೂ ಇಳಿದು ಬರಲಿಲ್ಲ. ಮೇಲೆ ಗುಜುಗುಜು ಕೇಳಿಸಿತು. ಹೋಗಿ ನೋಡಿದರೆ ಎರಡನೆಯ ತಿರುವಿನಲ್ಲಿ ನಿಂತಿದ್ದಾಳೆ. ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಮಂಡಿ ಬಗ್ಗಿದೆ, ಮುಖದಲ್ಲಿ ರಕ್ತವಿಲ್ಲ. ಅವಳ ಕೆಳಗಿನ ಮೆಟ್ಟಿಲುಗಳಲ್ಲಿ ಕುಣಿತದ ಕ್ಲಾಸಿಗೆ ಕಾಯುತ್ತಿದ್ದ ಪುಟ್ಟ ಪುಟ್ಟ ಮಕ್ಕಳು ಕುಳಿತು, ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿವೆ.

"ಏನೇ ಇದು, ಗಾಳಿ ಹಿಡ್ಕೊಂಡು ನಿಂತಿದೀಯ? ಮುಂದೆ ನಡಿ" ಅಂದೆ.

"ಜಾರ್ತಾ ಇದೆ ರೀ."

"ಏನು ಜಾರ್ತಾ ಇದೆ?"

"ಕೆಳಗಿನ ಕೈ ಬೆವತಿದೆ. ಮಕ್ಕಳನ್ನ ಏಳಿಸಿ. ಮೊದ್ಲು ಮಕ್ಕಳನ್ನ ಏಳಿಸಿ!"

ನಾನು ಗಹಗಹಿಸಿ ನಕ್ಕೆ. ನಗುತ್ತಾ ಅವಳ ಮಣಿಕಟ್ಟು ನೋಡಿದೆ. ನರಗಳು ಉಬ್ಬಿದ್ದವು. ನಿಜವಾಗಿ ಭಾರ ಹೊತ್ತವರ ತೋಳು ಹೇಗೆ ನಡುಗುತ್ತದೋ ಹಾಗೆ ನಡುಗುತ್ತಿತ್ತು. ನನ್ನ ನಗು ಅಲ್ಲಿಗೆ ನಿಂತಿತು.

"ನಿನ್ನ ಕೈಲಿ ಏನೂ ಇಲ್ಲ ಕಣೇ" ಅಂದೆ.

"ನಂಗೊತ್ತಿಲ್ವಾ? ನಂಗೇನು ತಲೆ ಕೆಟ್ಟಿದೆಯಾ? ಇಲ್ಲ ಅಂತ ಚೆನ್ನಾಗಿ ಗೊತ್ತು. ಗೊತ್ತಾದ್ರೆ ಏನ್ ಬಂತು, ಕೈ ಕೇಳ್ಬೇಕಲ್ಲ!"

ಗುಬ್ಬಿ, ಈ ಮಾತನ್ನು ಇನ್ನೊಂದು ಸಲ ಓದಿಕೋ. ಅವಳಿಗೆ ಗೊತ್ತಿತ್ತು. ನಿನಗೂ ಗೊತ್ತಿದೆ. ಗೊತ್ತಿರುವವರಿಗೆ 'ಏನೂ ಆಗಲ್ಲ ಬಿಡು' ಅಂತ ಹೇಳಿದರೆ ಎಷ್ಟು ಪ್ರಯೋಜನ ಅನ್ನುವುದನ್ನು ನಾನು ಆವತ್ತು ಕಣ್ಣಾರೆ ಕಂಡೆ. ಹೇಳಿದವರು ನಾನೊಬ್ಬನೇ ಅಲ್ಲ. ಆ ತಿರುವಿನ ಪಕ್ಕದಲ್ಲೇ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರು ಹೊರಗೆ ಬಂದರು. "ಸ್ನಾಯು ಹಿಡ್ಕೊಂಡಿದೆ, ಒಂದು ಇಂಜೆಕ್ಷನ್ ಕೊಟ್ರೆ ಸಡಿಲ ಆಗತ್ತೆ" ಅಂದರು.

"ಸಡಿಲ ಆದ್ರೆ ಬೀಳತ್ತಲ್ಲ ಡಾಕ್ಟ್ರೇ!" ಅಂತ ಚೀರಿದಳು. ಡಾಕ್ಟರು ಒಂದು ಕ್ಷಣ ಯೋಚಿಸಿ, ಬಿದ್ದರೆ ಎಲ್ಲಿ ಬೀಳಬಹುದೋ ಆ ಜಾಗ ಬಿಟ್ಟು ಆಚೆ ಸರಿದು ನಿಂತರು.

ಮೇಲಿನಿಂದ ಕುಣಿತದ ಮೇಷ್ಟ್ರು ಬಗ್ಗಿ, "ಅಮ್ಮಾ, ನಾನು ಒಂದು, ಎರಡು, ಮೂರು ಅಂತೀನಿ. ಮೂರಕ್ಕೆ ಕೈ ಬಿಟ್ಬಿಡಿ" ಅಂದರು. ಎಣಿಸಿದರು. ಕೆಳಗೆ ಕುಳಿತು ಅವಳ ಹಾಗೇ ಕೈ ಎತ್ತಿ ಹಿಡಿದಿದ್ದ ಮಕ್ಕಳೆಲ್ಲ ಮೂರಕ್ಕೆ ಒಟ್ಟಾಗಿ ಕೈ ಬಿಟ್ಟವು. ಇವಳು ಬಿಡಲಿಲ್ಲ. ನಾನು ಅವಳ ಬೆರಳು ಬಿಡಿಸಲು ಹೋದೆ. ಅವಳು ಕೂಗಿದ ಕೂಗಿಗೆ, ಒಳಗೆ ಬಾಯಿಗೆ ಹತ್ತಿ ಇಟ್ಟುಕೊಂಡು ಕುಳಿತಿದ್ದ ರೋಗಿ ಹತ್ತಿಯ ಸಮೇತ ಎದ್ದು ಹೊರಟುಹೋದ. ಮಕ್ಕಳನ್ನೆಲ್ಲ ಡಾಕ್ಟರ ಕೋಣೆಗೆ ಅಟ್ಟಿದೆ. ಅದರಿಂದಲೂ ಆಗಲಿಲ್ಲ. ಮಕ್ಕಳು ಹೋದರೂ ಗಾಜು ಹೋಗಿರಲಿಲ್ಲ.

ಆಗ ನನಗೆ ಒಂದು ಉಪಾಯ ಹೊಳೆಯಿತು...

("ನಿಮಗೆ ಹೊಳೀಲಿಲ್ಲ. ನಾನೇ ಹೇಳಿದ್ದು" ಅಂತ ಒಳಗಿನಿಂದ ಕೇಳಿಬರುತ್ತಿದೆ.)

ಆಯಿತು, ಷರತ್ತಿನ ಪ್ರಕಾರವೇ ಬರೆಯುತ್ತೇನೆ. ನನಗೆ ಏನೂ ಹೊಳೆಯಲಿಲ್ಲ. ಕೈ ಚೆಲ್ಲಿ ನಿಂತಿದ್ದೆ. ಅವಳೇ ಹಲ್ಲು ಕಚ್ಚಿಕೊಂಡು ಹೇಳಿದಳು: "ಅಲ್ಲಿ ನಿಂತ್ಕೊಂಡು ಇಲ್ಲ ಇಲ್ಲ ಅಂತ ಯಾಕೆ ಒದರ್ತೀರಿ? ಬಂದು ಒಂದು ಕಡೆ ಹಿಡ್ಕೋಬಾರ್ದಾ?"

ಬೀದಿಯಲ್ಲಿ ಇಲ್ಲದ ಗಾಜಿಗೆ ಜನರಿಂದ ದಾರಿ ಬಿಡಿಸುತ್ತಿದ್ದ ಗಂಡಸಿಗೆ, ಅದೇ ಗಾಜನ್ನು ನಾಲ್ಕು ಜನರ ಎದುರು ಹಿಡಿಯಲು ನಾಚಿಕೆಯಾಯಿತು. ಆದರೂ ಹೋದೆ. ಎರಡು ಮೆಟ್ಟಿಲು ಕೆಳಗೆ ನಿಂತು ಕೈ ಚಾಚಿದೆ.

"ಅಲ್ಲಲ್ಲ, ಅಷ್ಟು ಹತ್ರ ಅಲ್ಲ. ಅಂಚು ಅಲ್ಲಿಲ್ಲ. ಇನ್ನೂ ಕೆಳಗೆ ಬನ್ನಿ. ಹಾಂ, ಅಲ್ಲಿ. ಈಗ ಎತ್ತಿ."

ಎತ್ತಿದೆ. ಅವಳ ಹೆಗಲು ಇಳಿದದ್ದು ನನ್ನ ಕಣ್ಣಿಗೆ ಕಂಡಿತು. ಅರ್ಧ ಭಾರ ನನ್ನ ಕಡೆ ಬಂತು. ಇದು ಬಡಾಯಿಯಲ್ಲ ಗುಬ್ಬಿ, ನಿಜವಾಗಿಯೂ ತೋಳಿನಲ್ಲಿ ಏನೋ ಭಾರ ಬಂತು. ಇಬ್ಬರೂ ಮೇಲೆ ನಡೆದೆವು. ತಿರುವಿನಲ್ಲಿ ಅವಳು ಹೇಳಿದಂತೆ ಓರೆ ಮಾಡಿದೆ. ಕುಣಿತದ ಮೇಷ್ಟ್ರು ಯಾರೂ ಹೇಳದೆ ಎರಡೂ ಬಾಗಿಲು ತೆಗೆದರು. ನಾವು ಹಾಯುವಾಗ ತಲೆಯನ್ನೂ ತಗ್ಗಿಸಿದರು. ಒಳಗೆ ಹೋಗಿ ಗೋಡೆಗೆ ಒರಗಿಸಿದೆವು. "ನಾನು ಬಿಡ್ತೀನಿ. ನೀವು ಇನ್ನೂ ಹಿಡ್ಕೊಂಡಿರಿ" ಅಂದಳು. ಮೇಲಿನ ಕೈ ಬಿಟ್ಟಳು. ಆಮೇಲೆ ಕೆಳಗಿನ ಕೈ, ಒಂದೊಂದೇ ಬೆರಳು. ಬಿಟ್ಟು ನೆಲದ ಮೇಲೆ ಕುಳಿತು ಎರಡೂ ಕೈ ಕೊಡವಿಕೊಂಡಳು. ಯಾರೂ ನಗಲಿಲ್ಲ. ಮಕ್ಕಳು ಸಾಲಾಗಿ ಒಳಗೆ ಬಂದವು, ಆ ಬರೀ ಗೋಡೆಗೆ ಮೈ ತಾಗದ ಹಾಗೆ ಸುತ್ತಿ ಬಳಸಿ ಆಚೆ ಹೋಗಿ ನಿಂತವು.

ಇವತ್ತಿಗೆ ಇಷ್ಟು ಸಾಕು ಅಂದುಕೊಂಡೆ. "ನಡಿ ಮನೆಗೆ. ನಾಳೆ ಬೇರೆ ಯಾರನ್ನಾದರೂ ಕರ್ಕೊಂಡು ಬಂದು ಏರಿಸ್ತೀನಿ."

"ನಾಳೆ ಅಂದ್ರೆ ಅಲ್ಲೀವರೆಗೂ ನಾನು ಇದನ್ನೇ ಹೊತ್ಕೊಂಡಿರ್ಬೇಕು. ಈಗ್ಲೇ ತರೋಣ" ಅಂದಳು.

ಇಲ್ಲಿ ನೋಡು ಗುಬ್ಬಿ, ನಿನ್ನ ಅತ್ತೆಯನ್ನು ನಾನು ಮೆಚ್ಚುವುದು ಇದಕ್ಕೆ. ಹೆದರಿಕೆ ಇಲ್ಲದವನು ಗಾಜು ಎತ್ತುವುದರಲ್ಲಿ ಏನು ಹೆಚ್ಚುಗಾರಿಕೆ? ನಾನೂ ಎತ್ತುತ್ತೇನೆ, ಗಾಡಿಯೂ ಎತ್ತುತ್ತದೆ. ಇವಳು ಆ ಹೆದರಿಕೆ ಇಟ್ಟುಕೊಂಡೇ ಕೆಳಗಿಳಿದು, ನಿಜವಾದ ಕನ್ನಡಿಯ ಒಂದು ತುದಿ ಹಿಡಿದಳು. ನಾನು ಇನ್ನೊಂದು ತುದಿ. ಅದೇ ತಿರುವಿನಲ್ಲಿ ಈ ಸಲ ಹೆದರಿದವನು ನಾನು. ಅವಳ ಮುಖ ನೋಡಿದೆ. ಶಾಂತವಾಗಿತ್ತು. ಕನ್ನಡಿ ಗೋಡೆಗೆ ನಿಂತಿತು, ಮಕ್ಕಳೆಲ್ಲ ಅದರೊಳಗೆ ಇಬ್ಬಿಬ್ಬರಾದರು.

"ಇದು ಹಗುರ ಇದೆ ರೀ" ಅಂದಳು.

"ಯಾವುದು?"

"ನಿಜವಾದ್ದು. ಇದಕ್ಕೆ ಒಂದು ಅಂಚಿದೆ. ಎಲ್ಲಿ ಮುಗಿಯತ್ತೆ ಅಂತ ಕೈಗೆ ಗೊತ್ತಾಗತ್ತೆ. ಅದಕ್ಕೆ ಅಂಚೇ ಇರ್ಲಿಲ್ಲ."

ಅವಳ ಹೆದರಿಕೆ ಆವತ್ತೇ ಹೋಗಿಬಿಟ್ಟಿತು ಅಂತ ಬರೆದರೆ ಕಥೆ ಚೆಂದವಾಗುತ್ತದೆ. ಆದರೆ ಷರತ್ತಿದೆಯಲ್ಲ. ಹೋಗಲಿಲ್ಲ. ಈಗಲೂ ದೊಡ್ಡ ಹಾಳೆ ಇದ್ದರೆ ಅವಳು ಮೊದಲು ಗಾಳಿಗಾಜು ಒಯ್ಯುತ್ತಾಳೆ. ವ್ಯತ್ಯಾಸ ಇಷ್ಟೇ, ಈಗ ಇನ್ನೊಂದು ತುದಿ ನಾನು ಹಿಡಿದಿರುತ್ತೇನೆ. ಇಬ್ಬರೂ ಏನೂ ಇಲ್ಲದ್ದನ್ನು ಹೊತ್ತುಕೊಂಡು ಬೀದಿಯಲ್ಲಿ ನಡೆಯುವುದನ್ನು ನೋಡಿ, ಎದುರಿನ ಬೀಗದ ರಿಪೇರಿಯವನು "ಗಂಡಂಗೂ ಹತ್ಕೊಂಡ್ತಾ?" ಅಂತ ಕೇಳಿದ. "ಹತ್ಕೊಂಡ್ತು ಕಣಪ್ಪ, ನಿನ್ನ ಹೆಂಡ್ತಿ ಬಂದು ಕೇಳಿದ್ರೆ ಹೇಗೆ ಹತ್ತಿಸೋದು ಅಂತ ಹೇಳ್ಕೊಡ್ತೀನಿ" ಅಂದೆ.

ಈಗ ನಿನ್ನ ವಿಷಯ. ಕಿಟಕಿಯ ಹತ್ತಿರ ನಿನ್ನ ಕೈಯಿಂದ ಜಾರುತ್ತದಲ್ಲ, ಆ ಮಗುವಿಗೆ ಅಂಚಿಲ್ಲ. ಅದು ಎಷ್ಟು ಸಲ ಬಿದ್ದರೂ ಮುಗಿಯುವುದಿಲ್ಲ. ನಿನ್ನ ನಿಜವಾದ ಮಗುವನ್ನು ನಿನ್ನ ಯಜಮಾನರು ವರ್ಣಿಸಿದರು: ಯಾರು ಎತ್ತಿಕೊಂಡರೂ ಕೂದಲು ಹಿಡಿದರೆ ಬಿಡುವುದಿಲ್ಲವಂತೆ, ಬೀಗಿತ್ತಿಯವರ ಕನ್ನಡಕ ಎರಡು ಸಲ ನೆಲ ಕಂಡಿದೆಯಂತೆ. ಅಂದರೆ ಅದಕ್ಕೂ ಕೈಗಳಿವೆ. ಅದೂ ಹಿಡಿದುಕೊಳ್ಳುತ್ತದೆ. ನೀನು ಕಲ್ಪಿಸಿಕೊಂಡ ಮಗು ನಿನ್ನನ್ನು ಹಿಡಿದುಕೊಳ್ಳುತ್ತದೆಯೇ, ನೋಡು.

ಮೊದಲೇ ನಿಂತುಕೊಂಡು ಎತ್ತಬೇಡ. ನೆಲದ ಮೇಲೆ ಹಾಸಿಗೆ ಹಾಕಿಸಿಕೊಂಡು, ಗೋಡೆಗೆ ಒರಗಿ ಕುಳಿತುಕೋ. ನಿನ್ನ ಯಜಮಾನರು ಪಕ್ಕದಲ್ಲಿ ಕುಳಿತು ಒಂದು ಕಡೆ ಹಿಡಿದುಕೊಳ್ಳಲಿ. 'ಏನೂ ಆಗಲ್ಲ' ಅಂತ ಅವರು ಬಾಯಿ ಬಿಡಕೂಡದು. ಹಿಡಿದುಕೊಳ್ಳುವುದಷ್ಟೇ ಅವರ ಕೆಲಸ ಅಂತ ನಾನು ಹೇಳಿದೆನೆಂದು ಹೇಳು. ಇನ್ನೊಂದು, ಹೆರಿಗೆ ಮಾಡಿಸಿದ ಡಾಕ್ಟರಮ್ಮನಿಗೆ ಇದನ್ನೆಲ್ಲ ಹೇಳು. ಹೇಳಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಅಂತ ಹೆದರಿದ್ದೀಯಂತೆ. ಅದೂ ನಿನ್ನ ಆ ಕಣ್ಣು ಕಂಡದ್ದೇ. ಬಾಣಂತಿಯರು ಇಂಥದ್ದು ಹೇಳಿಕೊಂಡು ಅವರ ಹತ್ತಿರ ದಿನಾ ಬರುತ್ತಿರಬಹುದು, ಅದಕ್ಕೆ ಔಷಧಿಯೂ ಇರಬಹುದು. ನನಗೆ ಗೊತ್ತಿಲ್ಲ, ಆದ್ದರಿಂದ ಗೊತ್ತಿರುವವರನ್ನು ಕೇಳು.

ಶನಿವಾರ ಹೋಗಬೇಡ. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ನಾನು ಬರುತ್ತೇನೆ. ನಿನ್ನ ಅತ್ತೆ ಅಂಗಡಿ ನೋಡಿಕೊಳ್ಳುತ್ತಾಳೆ. ನಾನಿದ್ದ ಮನೆಯಲ್ಲಿ ಹೆದರುವುದಕ್ಕೆ ಯಾರಿಗೂ ಪುರುಸೊತ್ತು ಸಿಗುವುದಿಲ್ಲ, ನನ್ನ ಮಾತು ಕೇಳುವುದರಲ್ಲೇ ದಿನ ಹೋಗುತ್ತದೆ.

ನಿನ್ನ ಯಜಮಾನರಿಗೂ ಬೀಗಿತ್ತಿಯವರಿಗೂ ನನ್ನ ನಮಸ್ಕಾರ ತಿಳಿಸು. ನನ್ನ ಮೂಗಿನ ಒಡೆತನ ಪಡೆದ ಆ ಪುಟಾಣಿಗೆ ನೂರು ಮುತ್ತು. ನಿನ್ನ ಕಣ್ಣು ಇಷ್ಟೇ ದೊಡ್ಡದಾಗಿರಲಿ, ಕೈ ಅದಕ್ಕಿಂತ ಗಟ್ಟಿಯಾಗಲಿ, ಮನೆ ತುಂಬಾ ನಿನ್ನ ಓಡಾಟ ಕೇಳಿಸಲಿ ಅಂತ ಹರಸುತ್ತೇನೆ.

ಇಂತು ನಿನ್ನ ಸೋದರಮಾವ,
ಗಾಜಿನಂಗಡಿಯವನು

ಬಿಟ್ಟುಹೋದ ಮಾತು: ಪತ್ರ ಮಡಚುತ್ತಿದ್ದೆ. ನಿನ್ನ ಅತ್ತೆ ಹೊರಗೆ ಬಂದು ಎದುರಿಗೆ ನಿಂತಳು. "ಎಲ್ಲಾ ಬರೆದ್ರಿ. ಬರೀಬೇಕಾದ್ದು ಒಂದು ಬಿಟ್ರಿ" ಅಂದಳು. "ಏನು ಬಿಟ್ಟೆ?" ಅಂದೆ. ಗೊತ್ತಿದ್ದೇ ಕೇಳಿದೆ. "ಅವಳಿಗೆ ಗೊತ್ತಾಗ್ಲಿ. ಬರೀರಿ" ಅಂದಳು. ಆದ್ದರಿಂದ ಬರೆಯುತ್ತಿದ್ದೇನೆ. ಇದನ್ನು ಮಾತ್ರ ಬಾಯಿ ಮುಚ್ಚಿಕೊಂಡು.

ನಮಗೆ ಮಕ್ಕಳಿಲ್ಲದ್ದು ನನ್ನ ಇಷ್ಟ ಅಂತ ನೀವೆಲ್ಲ ತಿಳಿದಿದ್ದೀರಿ. "ನಂಗೆ ಗಲಾಟೆ ಆಗಲ್ಲ, ಗಾಜಿನಂಗಡೀಲಿ ಮಕ್ಕಳು ಯಾಕೆ" ಅಂತ ಮೀಸೆ ತಿರುವಿಕೊಂಡು ಊರಿಗೆಲ್ಲ ಹೇಳಿದವನು ನಾನೇ. ಆ ಮಾತಿಗೆ ನನ್ನ ಅಮ್ಮ ಕೊನೆಯವರೆಗೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅಮ್ಮನಿಗೂ ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಸಿಟ್ಟು ಇನ್ನೊಬ್ಬರ ಮೇಲೆ ಹೋಗುತ್ತಿತ್ತು. ನನ್ನ ಬಡಾಯಿಗಳಲ್ಲೆಲ್ಲ ದೊಡ್ಡದು ಅದು. ಮದುವೆಯಾದ ಹೊಸದರಲ್ಲಿ ತೊಟ್ಟಿಲು ಎಲ್ಲಿಡುವುದು ಅಂತ ನಾವಿಬ್ಬರೂ ಜಾಗ ನೋಡಿದ್ದೆವು. ಆಮೇಲೆ ಅವಳಿಗೆ ಕಾಣಲು ಶುರುವಾಯಿತು, ಇನ್ನೂ ಹುಟ್ಟದೇ ಇದ್ದ ಮಗು ಅವಳ ಕೈಯಿಂದ ಬೀಳುವುದು. "ಬೇಡ ರೀ, ನನ್ನ ಕೈಲಿ ಉಳಿಯಲ್ಲ" ಅಂದಳು. ಇಂಥದ್ದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು ಅಂತ ನಮಗೆ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ವಯಸ್ಸು ಮೀರಿತ್ತು.

ನನಗೆ ಆಸೆ ಇತ್ತು ಗುಬ್ಬಿ.

ಯಾರಾದರೂ ಕೂಸನ್ನು ಕೊಡಲು ಬಂದರೆ ಅವಳು "ಕೈಯಲ್ಲಿ ಗಾಜಿನ ಚೂರಿರತ್ತೆ, ಬೇಡಮ್ಮ" ಅಂದು ಹಿಂದೆ ಸರಿಯುತ್ತಾಳೆ. ನೀನು ಕೂಸಾಗಿದ್ದಾಗ ನಿನ್ನನ್ನೂ ಎತ್ತಿಕೊಳ್ಳಲಿಲ್ಲ. ಅವಳ ಕೈಯಲ್ಲಿ ಯಾವ ಚೂರೂ ಇರುವುದಿಲ್ಲ.

ಈಗ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಶುಕ್ರವಾರ ಅಂಗಡಿ ಮುಚ್ಚಿ. ನಾನೂ ಬರ್ತೀನಿ. ಮಗುನ ಎತ್ಕೋತೀನಿ. ಆದ್ರೆ ಬೀಗಿತ್ತಿ ಕೊಟ್ರೆ ತಗೊಳಲ್ಲ, ಅವಳ ಗಂಡ ಕೊಟ್ರೂ ತಗೊಳಲ್ಲ. ಅವಳೇ ಎತ್ತಿ ನನ್ನ ಕೈಗೆ ಕೊಡ್ಬೇಕು. ಇಬ್ರೂ ಹೆದರ್ಕೊಂಡೇ ಮಾಡೋಣ ಅಂತ ಹೇಳಿ."

ಇಷ್ಟು ಹೇಳಿ ಬಾಗಿಲ ಹತ್ತಿರ, ಬೆಳಕು ಇರುವ ಕಡೆ ಹೋಗಿ ಕುಳಿತಿದ್ದಾಳೆ. ಉಗುರು ಕತ್ತರಿಸಿಕೊಳ್ಳುತ್ತಿದ್ದಾಳೆ.